ರೈಲು ಬರುವ ಊರು, ಬಸ್ಸು ಕಾಯುವ ಊರು

ಶಿರಾಳಕೊಪ್ಪದ ಗೂಡ್ಸ್ ಆಟೊ ಚಾಲಕನಿಗೆ ಮಾತಿಗೊಂದು ನೆಪ ಸಿಕ್ಕರೆ ಸಾಕು. ‘ರೈಲು ಬರ್ಲಿ ಸಾರ್, ಬೇಡ ಅನ್ನಲ್ಲ. ನಾನು ಹೇರೋ ಅಡಿಕೆ ಹೋಗೋದು ಸಾಗರಕ್ಕೆ, ಶಿರಸಿಗೆ. ಆ ಕಡೆ ಹಳಿ ಹಾಕೋರು ಯಾರು? ಜೋಳ ಆದ್ರೆ ರಾಣೆಬೆನ್ನೂರು. ಶುಂಠಿ ರೇಟ್ ಎಲ್ಲಿದ್ಯೋ ಅಲ್ಲಿಗೆ. ಹೆಂಡ್ತಿ ತವರು ಹಾನಗಲ್ಲು, ಹುಷಾರಿಲ್ಲ ಅಂದ್ರೆ ಶಿವಮೊಗ್ಗ.’ ಈ ಸೀಮೆಯ ಅರ್ಥವ್ಯವಸ್ಥೆಯ ನಕ್ಷೆಯನ್ನು ಅವನು ಬೀಡಿ ಮುಗಿಯುವುದರೊಳಗೆ ಬರೆದುಬಿಟ್ಟ. ಅದರಲ್ಲಿ ಮೂರು ಜಿಲ್ಲೆಗಳಿದ್ದವು.

ಶಿಕಾರಿಪುರ ಅರ್ಧ ಬಯಲುಸೀಮೆ. ಮೆಕ್ಕೆಜೋಳ, ಭತ್ತ, ಮುಖ ರಾಣೆಬೆನ್ನೂರಿನ ಕಡೆಗೆ. ಸೊರಬಕ್ಕೆ ತಿರುಗಿದರೆ ಕೆರೆ, ಅಡಿಕೆ ತೋಟ, ಅನಾನಸ್, ಅಲ್ಲಲ್ಲಿ ಉಳಿದ ಕಾನು. ಇವೆರಡರ ನಡುವಿನ ಪೇಟೆ ಶಿರಾಳಕೊಪ್ಪ. ಪಕ್ಕದ ಬಳ್ಳಿಗಾವಿ ಚಾಲುಕ್ಯರ ಕಾಲಕ್ಕೆ ಬನವಾಸಿ ಹನ್ನೆರಡು ಸಾಸಿರವೆಂಬ ಪ್ರಾಂತ್ಯದ ರಾಜಧಾನಿ, ದೊಡ್ಡ ವ್ಯಾಪಾರ ಕೇಂದ್ರ.

2023ರ ಫೆಬ್ರುವರಿ 27ರಂದು, ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾದ ದಿನವೇ, ಪ್ರಧಾನಿ ಮೋದಿ ಅವರು ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗಕ್ಕೂ ಶಂಕುಸ್ಥಾಪನೆ ಮಾಡಿದರು. ಆಗಿನ ಅಂದಾಜು ವೆಚ್ಚ 990 ಕೋಟಿ ರೂಪಾಯಿ. ಮಲೆನಾಡನ್ನು ಬೆಂಗಳೂರು–ಮುಂಬೈ ಮುಖ್ಯ ಮಾರ್ಗಕ್ಕೆ ಸೇರಿಸುವ ಯೋಜನೆ. ಜೋಳದ ದಾರಿಗೆ ಸರಿಯಾಗಿಯೇ ಹೊಂದುತ್ತದೆ. ಅಡಿಕೆಯ ದಾರಿ ಅದಕ್ಕೆ ಅಡ್ಡಡ್ಡ. ಸೊರಬದವರಿಗೆ ಇಂದಿಗೂ ರೈಲೆಂದರೆ ಸಾಗರ, ತಾಳಗುಪ್ಪ.

ಅಭಿವೃದ್ಧಿಯ ಅಳತೆಗೂ ಈ ದಾರಿಗಳು ಸಿಗುವುದಿಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ 35 ಸೂಚಕಗಳನ್ನು ಹಿಡಿದು ಒಂದೊಂದು ತಾಲ್ಲೂಕನ್ನೂ ತೂಗಿತ್ತು. ದೊಡ್ಡ ಕೆಲಸವೇ. ಆದರೆ ತಾಲ್ಲೂಕಿನ ಗಡಿ ನೋಡಿಕೊಂಡು ಯಾರೂ ಮಂಡಿಗೆ ಹೋಗುವುದಿಲ್ಲ. ತಾಲ್ಲೂಕಿನಿಂದ ತಾಲ್ಲೂಕಿಗೆ ಸರಕು ಎತ್ತ ಹರಿಯುತ್ತದೆ ಎಂದು ಮೊದಲು ಎಣಿಸಿ, ಆಮೇಲೆ ರಸ್ತೆಗೆ ದುಡ್ಡು ಹಂಚಿದರೆ ಶಿರಾಳಕೊಪ್ಪ–ಸೊರಬ, ಆನವಟ್ಟಿ–ಹಾನಗಲ್ಲು ದಾರಿಗಳಿಗೆ ಬೇರೆಯದೇ ಬೆಲೆ ಬಂದೀತು.

ಬಸ್ಸಿನದು ಇನ್ನೊಂದು ತಕರಾರು. 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಜಾರಿಯಲ್ಲಿದೆ, ಸರ್ಕಾರಿ ಬಸ್ಸುಗಳಲ್ಲಿ ಮಾತ್ರ. ಮಲೆನಾಡಿನ ಎಷ್ಟೋ ಒಳದಾರಿಗಳಲ್ಲಿ ಓಡುವುದು ಖಾಸಗಿಯವೇ. ಬುಟ್ಟಿಯಲ್ಲಿ ವೀಳ್ಯದೆಲೆ ಇಟ್ಟುಕೊಂಡು ಬಸ್ಸಿಗೆ ಕಾದು ಕೂತಿದ್ದ ಸೊರಬ ಕಡೆಯ ಅಜ್ಜಿಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ: ‘ಆಧಾರ್ ಕಾರ್ಡು ಚೀಲದಾಗೇ ಐತಪ್ಪ. ಫ್ರೀ ಬಸ್ಸು ಬರ್ಬೇಕಲ್ಲ?’ ಬಂದದ್ದು ಖಾಸಗಿ ಬಸ್ಸು. ಬುಟ್ಟಿಗೂ ಸೇರಿಸಿ ಚಾರ್ಜು ಕೊಟ್ಟೇ ಹತ್ತಿದರು.