‘ತಲೆ ಕೆಡಿಸಿಕೊಳ್ಳಬೇಡ’ ಎನ್ನುವ ಮುನ್ನ

ಆಪ್ತಸಲಹೆಗೆಂದು ಬಂದವರು ಮೊದಲು ಹೇಳುವುದು ಸಾಮಾನ್ಯವಾಗಿ ಮೈಯ ಸಂಗತಿಯನ್ನು. ‘ಏನಿಲ್ಲ ಮೇಡಂ, ನೆತ್ತಿ ಉರಿಯುತ್ತದೆ’, ‘ಎದೆ ಹಿಡಿದಂತಾಗುತ್ತದೆ’, ‘ಕೈಕಾಲಲ್ಲಿ ಬಲವೇ ಇಲ್ಲ’. ಇಸಿಜಿ, ರಕ್ತಪರೀಕ್ಷೆ ಎಲ್ಲವೂ ಮುಗಿದು, ವರದಿಗಳ ಕಟ್ಟು ಕೈಯಲ್ಲೇ ಇರುತ್ತದೆ. ದೋಷವೇನೂ ಇಲ್ಲವೆಂದು ವೈದ್ಯರು ಹೇಳಿರುತ್ತಾರೆ. ನಿಜವಾದ ಸಂಕಟ ಹೊರಬರಲು ಅರ್ಧ ಗಂಟೆಯಾದರೂ ಬೇಕು. ಬಳ್ಳಾರಿ ನಗರದ ಜೀನ್ಸ್ ಘಟಕದಲ್ಲಿ ಪೀಸಿನ ಲೆಕ್ಕದಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಅದು ಗಂಡನ ಕುಡಿತವಿರಬಹುದು. ಸಿರುಗುಪ್ಪದ ಭತ್ತದ ರೈತನಿಗೆ ಕಾಲುವೆಯ ಕೊನೆಯವರೆಗೆ ಬಾರದ ನೀರಿರಬಹುದು. ಕುರುಗೋಡಿನಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗನಿಗೆ ಮನೆಯಲ್ಲಿ ಹೇಳಲಾಗದೆ ಉಳಿದ ಎರಡು ಫೇಲಾದ ವಿಷಯಗಳಿರಬಹುದು.

ಇವರಾರೂ ನಟಿಸುತ್ತಿಲ್ಲ. ಅಪಾಯ ಎದುರಾದಾಗ ದೇಹವು ಅಡ್ರಿನಲಿನ್ ಸ್ರವಿಸುತ್ತದೆ, ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹಾವು ಕಂಡಾಗ ಇದು ಉಪಯುಕ್ತ. ಹಾವು ಸರಿದುಹೋದೊಡನೆ ದೇಹವೂ ಸಡಿಲಗೊಳ್ಳುತ್ತದೆ. ಆದರೆ ಸಾಲದ ಕಂತು ಸರಿದುಹೋಗುವ ಹಾವಲ್ಲ. ಅದು ತಿಂಗಳುಗಟ್ಟಲೆ ಎದುರಿಗೇ ಇರುವುದರಿಂದ ದೇಹವೂ ತಿಂಗಳುಗಟ್ಟಲೆ ಬಿಗಿದೇ ಇರುತ್ತದೆ. ಕುತ್ತಿಗೆ ನೋವು, ಹೊಟ್ಟೆ ಉರಿ, ನಸುಕಿನ ಮೂರಕ್ಕೇ ಎಚ್ಚರವಾಗುವುದು ಇವೆಲ್ಲ ಅದರ ಫಲ.

ಈ ಮಾತನ್ನು ದೇಶಕ್ಕೆ ಕಲಿಸಿದ ಊರುಗಳಲ್ಲಿ ಬಳ್ಳಾರಿಯೂ ಒಂದು ಎಂಬುದು ಇಲ್ಲಿನ ಹಲವರಿಗೇ ತಿಳಿದಿಲ್ಲ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಾಗ, ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸುವುದು ಹೇಗೆಂಬುದಕ್ಕೆ ಮಾದರಿ ಇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರಾಜ್ಯದ ಆರೋಗ್ಯ ಇಲಾಖೆಯೊಡನೆ ಸೇರಿ 1985ರಲ್ಲಿ ಆ ಪ್ರಯೋಗಕ್ಕೆ ಆರಿಸಿಕೊಂಡದ್ದು ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಲಾಯಿತು. ತಲೆನೋವು, ನಿಶ್ಶಕ್ತಿ ಎಂದು ಬಂದವರನ್ನು ಇನ್ನೆರಡು ಪ್ರಶ್ನೆ ಕೇಳಿ ಗುರುತಿಸುವುದು, ಸರಳ ಔಷಧ ಕೊಡುವುದು, ಚಿಕಿತ್ಸೆ ಬಿಟ್ಟವರನ್ನು ಹುಡುಕಿಕೊಂಡು ಹೋಗುವುದು ಇವಿಷ್ಟೂ ತಜ್ಞರಿಲ್ಲದ ಹಳ್ಳಿಗಳಲ್ಲೇ ಸಾಧ್ಯವೆಂದು ಅದು ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾದದ್ದು ಇದೇ ‘ಬಳ್ಳಾರಿ ಮಾದರಿ’.

ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಕಾರ್ಯಕ್ರಮದ ಲಕ್ಷ್ಯ ಮುಖ್ಯವಾಗಿ ತೀವ್ರ ಮನೋರೋಗ, ಖಿನ್ನತೆ, ಮೂರ್ಛೆರೋಗಗಳ ಕಡೆಗಿತ್ತು. ರೋಗವೆನ್ನುವಷ್ಟು ಬೆಳೆಯದ, ಆದರೂ ಊಟ ರುಚಿಸದಂತೆ ಮಾಡುವ ನಿತ್ಯದ ನೋವಿಗೆ ಹೋಗಲು ಜಾಗವಿಲ್ಲ. ಅದಕ್ಕೆ ದೊರೆಯುವುದು ಮನೆಯವರ, ನೆರೆಯವರ ಸಾಂತ್ವನ: ‘ತಲೆ ಕೆಡಿಸಿಕೊಳ್ಳಬೇಡ’, ‘ಹೊಟ್ಟೆಗೆ ಹಾಕಿಕೊಂಡು ಹೋಗಮ್ಮ’. ಹೇಳುವವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಕೇಳುವವನಿಗೆ ಅದು ‘ಇನ್ನು ಈ ಮಾತು ಸಾಕು’ ಎಂದಂತೆ ಕೇಳಿಸುತ್ತದೆ. ಆತ ಸುಮ್ಮನಾಗುತ್ತಾನೆ, ಸಮಾಧಾನವಾಯಿತೆಂದು ನಾವು ಭಾವಿಸುತ್ತೇವೆ. ಬೇಸರ, ಅಳು, ಸಿಟ್ಟು ಎಲ್ಲರಿಗೂ ಬಂದು ಹೋಗುವಂಥವು. ಆದರೆ ಎರಡು ವಾರ ದಿನದ ಬಹುಪಾಲು ಮನಸ್ಸು ಕುಗ್ಗಿದ್ದು, ಇಷ್ಟದ ಕೆಲಸದಲ್ಲೂ ಆಸಕ್ತಿ ಸತ್ತು, ನಿದ್ರೆ ಹಸಿವು ಏರುಪೇರಾದರೆ ಅದು ಖಿನ್ನತೆಯಿರಬಹುದು. ವೈದ್ಯರ ಬಳಿಗೆ ಹೋಗಲೇಬೇಕು.

‘ನೀವು ಮಾತಾಡಿದರೆ ಸಾಲ ತೀರುತ್ತದೆಯೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟೆಯ ನೀರು ನದಿಗೆ ಹರಿದುಹೋಗುತ್ತಿದ್ದ ಆ ದಿನಗಳಲ್ಲಿ ಅಚ್ಚುಕಟ್ಟಿನ ರೈತರ ಆತಂಕಕ್ಕೆ ವಾಸ್ತವವಾದ ಕಾರಣವಿತ್ತು. ಅವರಿಗೆ ‘ಧೈರ್ಯವಾಗಿರಿ’ ಎನ್ನುವುದು ಅವಮಾನ. ಇಂಥಲ್ಲಿ ಆಪ್ತಸಲಹೆ ಮಾಡುವ ಕೆಲಸ ಸಣ್ಣದು: ಒಂದೇ ಮುದ್ದೆಯಾಗಿರುವ ಚಿಂತೆಯನ್ನು ಬಿಡಿಸುವುದು. ಗೇಟ್ ಕೂರಿಸುವುದು ರೈತನ ಕೈಯಲ್ಲಿಲ್ಲ. ನಾಟಿಯನ್ನು ನಾಲ್ಕು ದಿನ ಮುಂದೂಡುವುದು, ಗೊಬ್ಬರದ ಅಂಗಡಿಯವರ ಬಳಿ ಗಡುವು ಕೇಳುವುದು, ಮನೆಯಾಕೆಗೆ ಲೆಕ್ಕವನ್ನು ಮುಚ್ಚಿಡದೆ ಹೇಳುವುದು ಆತನ ಕೈಯಲ್ಲಿವೆ. ಒಂದು ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರನ್ನು ತಡೆಯಲಾಯಿತು. ಆದರೆ ಆ ವಾರ ಕಳೆಯುವುದೇ ದೊಡ್ಡ ಕೆಲಸವಾಗಿತ್ತು.

ರಾತ್ರಿಯ ಚಿಂತೆಗೆ ನಾನು ಸೂಚಿಸುವುದೊಂದು ಹಳೆಯ ಉಪಾಯ. ಸಂಜೆ ಇಪ್ಪತ್ತು ನಿಮಿಷವನ್ನು ಚಿಂತೆಗೆಂದೇ ಮೀಸಲಿಟ್ಟು, ಎಲ್ಲವನ್ನೂ ಹಾಳೆಯ ಮೇಲೆ ಬರೆದಿಡುವುದು. ಮಲಗಿದಾಗ ಮತ್ತೆ ತಲೆಯೆತ್ತಿದರೆ ‘ನಾಳೆ ಸಂಜೆ ನೋಡೋಣ’ ಎಂದು ಮುಂದೂಡುವುದು. ನಗೆ ಬರಿಸುವಂತಿದ್ದರೂ ಇದು ಅನೇಕರಿಗೆ ನೆರವಾಗಿದೆ. ನಿದ್ರೆಗೆಂದು ಕುಡಿಯುವುದು ಮಾತ್ರ ಬೇಡ. ಮದ್ಯ ಬೇಗ ನಿದ್ರೆ ತಂದು ನಡುರಾತ್ರಿಯಲ್ಲಿ ಎಬ್ಬಿಸುತ್ತದೆ.

ಸಿರುಗುಪ್ಪದವರು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣಿಸಿ ಬಳ್ಳಾರಿಗೆ ಬರುವುದು ಕೇವಲ ತಜ್ಞರಿಗಾಗಿ ಎಂದುಕೊಂಡಿರೇ? ಊರಿನ ಆಸ್ಪತ್ರೆಯಲ್ಲಿ ನೆಂಟರು ಕಂಡಾರು ಎಂಬ ಅಳುಕೂ ಕಾರಣ. ಮಗಳ ಮದುವೆಯ ಮಾತು ನಡೆಯುತ್ತಿದ್ದರಂತೂ ಹೇಳುವುದೇ ಬೇಡ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೇ ಬರಬೇಕೆಂದು ರಾಜ್ಯ ಸರ್ಕಾರ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರೂಪಿಸಿದರೂ ಈ ಅಳುಕು ಅಳಿದಿಲ್ಲ. ಅಂಥವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ ಅನುಕೂಲ. 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ತೆಲುಗೋ ಉರ್ದುವೋ ಆಡುವವರು ನಮ್ಮಲ್ಲಿ ಬಹಳ. ಅವರು ವ್ಯವಹಾರವನ್ನೆಲ್ಲ ಕನ್ನಡದಲ್ಲಿ ಹೇಳಿ, ಕಣ್ಣೀರು ಬಂದೊಡನೆ ಮನೆಮಾತಿಗೆ ಹೊರಳುತ್ತಾರೆ. ಆಗ ತಡೆಯಬಾರದು.

ಕೊನೆಯದಾಗಿ, ಕೇಳಲು ಎಲ್ಲರೂ ಅಂಜುವ ಪ್ರಶ್ನೆ. ‘ಸಾಯಬೇಕೆನಿಸುತ್ತದೆಯೇ?’ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ನಂಬಿಕೆ ತಪ್ಪು. ಅಧ್ಯಯನಗಳು ಅದನ್ನು ಸಮರ್ಥಿಸುವುದಿಲ್ಲ. ಕೇಳಿದಾಗ ಅನೇಕರು ಹಗುರಾಗುತ್ತಾರೆ. ಉತ್ತರ ‘ಹೌದು’ ಎಂದಾದರೆ ವಾದಿಸಬೇಡಿ, ಬುದ್ಧಿ ಹೇಳಬೇಡಿ, ಒಬ್ಬರನ್ನೇ ಬಿಡಬೇಡಿ. ಕೀಟನಾಶಕದ ಡಬ್ಬಿಗಳನ್ನು ಮನೆಯಿಂದ ಹೊರಗೆ ಸಾಗಿಸಿ, ಬೀಗ ಹಾಕಿ, ಕೀಲಿಯನ್ನು ಅಣ್ಣನಿಗೋ ಪಕ್ಕದ ಮನೆಯವರಿಗೋ ಕೊಡಿ. ಅಂದೇ ಆಸ್ಪತ್ರೆಗೆ ಹೊರಡಿ. ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತುಕೊಳ್ಳಿ.