ಒಂದು ಚಿಟಿಕೆಗೆ ಏನಾಗುತ್ತೆ?

ಸತ್ಯನಾರಾಯಣ ಪೂಜೆ ಮುಗಿದು ಗೋಧಿ ರವೆಯ ಸಪಾದ ಭಕ್ಷ್ಯ ಹಂಚುವಾಗ ಸೀಲಿಯಾಕ್ ಕಾಯಿಲೆಯವರು ಕೈ ಹಿಂತೆಗೆದರೆ ತಪ್ಪದೆ ಬರುವ ಮಾತು: ‘ಪ್ರಸಾದ ಕಣ್ರೀ, ಒಂದು ಚಿಟಿಕೆಗೆ ಏನಾಗುತ್ತೆ?’

ಆಗುತ್ತದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಗೆ ಹೋದರೆ ಇವರ ರೋಗನಿರೋಧಕ ಶಕ್ತಿ ಸ್ವಂತ ಸಣ್ಣ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಆಹಾರದ ಸಾರ ಹೀರುವ ಒಳಪದರ ಸವೆಯುತ್ತದೆ. ರಕ್ತಹೀನತೆ, ಮೂಳೆಸವೆತ, ಮಕ್ಕಳಾದರೆ ಬೆಳವಣಿಗೆಗೇ ತಡೆ. ತಿಂದ ದಿನವೇ ಹೊಟ್ಟೆ ನೋಯಬೇಕೆಂದಿಲ್ಲ. ಆದ್ದರಿಂದ ‘ಹೋದ ಸಲ ತಿಂದಿದ್ರಲ್ಲ, ಏನೂ ಆಗ್ಲಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಗ್ಲುಟೆನ್‌ರಹಿತ ಎಂದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ಮೀರಬಾರದೆಂಬುದು ನಮ್ಮ ದೇಶದ ನಿಯಮ. ಆ ಲೆಕ್ಕದಲ್ಲಿ ಚಿಟಿಕೆ ರವೆ ದೊಡ್ಡದೇ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ದಾಟಿಸಿದರೆ ಸತ್ಯನಾರಾಯಣ ಮುನಿಸಿಕೊಳ್ಳಲಾರ.

‘ಅದು ಚಪಾತಿ ತಿನ್ನೋ ಉತ್ತರದವರ ಕಾಯಿಲೆ’ ಎಂಬುದರಲ್ಲಿ ಅರ್ಧ ನಿಜವಿದೆ. ಉತ್ತರ ಭಾರತದಲ್ಲಿ ಹೆಚ್ಚು, ನಮ್ಮಲ್ಲಿ ಕಡಿಮೆ. ಆದರೆ ಇಲ್ಲವೇ ಇಲ್ಲ ಎಂದಲ್ಲ. ಅದೂ ಅಲ್ಲದೆ ಚಪಾತಿ ಬಿಟ್ಟರೆ ಗೋಧಿ ಬಿಟ್ಟಂತೆ ಎಂದುಕೊಂಡ ಮನೆಗಳು ಬೇಕಾದಷ್ಟಿವೆ. ಉಪ್ಪಿಟ್ಟು, ಕೇಸರಿಬಾತು, ಚಿರೋಟಿ, ಶಾವಿಗೆ ಪಾಯಸ, ಹೋಳಿಗೆಯ ಕಣಕ ಎಲ್ಲವೂ ಗೋಧಿಯೇ. ರವೆ ಇಡ್ಲಿಯನ್ನಂತೂ ಎರಡನೇ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ತಾವೇ ಕಂಡುಹಿಡಿದದ್ದೆಂದು ಎಂಟಿಆರ್‌ನವರು ಹೇಳುತ್ತಾರೆ. ವಿಚಿತ್ರವೆಂದರೆ, ಅದೇ ಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ನೆದರ್ಲೆಂಡ್ಸ್‌ನಲ್ಲಿ ಬ್ರೆಡ್ಡಿಗೆ ಬರ ಬಂದಿತ್ತು. ಈ ಕಾಯಿಲೆಗೆ ಗೋಧಿಯೇ ಕಾರಣವಿರಬೇಕೆಂದು ಮೊದಲೇ ಶಂಕಿಸಿದ್ದ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆಗೆ ಆಗಿನ ಅನುಭವ ಇನ್ನಷ್ಟು ಬಲ ಕೊಟ್ಟಿತು.

ಎಲ್ಲಕ್ಕಿಂತ ಕಳ್ಳ ಇಂಗು. ಅಂಗಡಿಯ ಡಬ್ಬಿ ಇಂಗಿನಲ್ಲಿ ಬಹಳಷ್ಟು ಸಲ ಮೈದಾ ಬೆರೆತಿರುತ್ತದೆ. ಸಾರು, ಚಿತ್ರಾನ್ನ, ಉಪ್ಪಿನಕಾಯಿ ಎಲ್ಲಕ್ಕೂ ಹಾದಿ ಅದೇ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಚೀಟಿ ಓದಬೇಕು. ರಾಗಿ, ಅಕ್ಕಿ ನಿರಪಾಯ ಎಂಬ ನಂಬಿಕೆಯೂ ಹಿಟ್ಟಿನ ಗಿರಣಿಯವರೆಗೆ ಮಾತ್ರ. ಅಲ್ಲಿ ಹಿಂದಿನವರು ಬೀಸಿಸಿದ ಗೋಧಿ ನಿಮ್ಮ ರಾಗಿಗೂ ಅಂಟಿರುತ್ತದೆ.

‘ಗೋಧಿ ಬಿಟ್ಟು ನೋಡಿ, ಆಮೇಲೆ ಡಾಕ್ಟರು’ ಎಂಬುದು ತಲೆಕೆಳಗಾದ ಸಲಹೆ. ಬಿಟ್ಟ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದೂ ಕಾಣಿಸದೆ ಹೋಗಬಹುದು.

ನನಗೆ ಹೆಚ್ಚು ಚುಚ್ಚುವುದು ಇನ್ನೊಂದು ನಂಬಿಕೆ: ‘ಕರೆದು ಮುಜುಗರ ಮಾಡೋದಕ್ಕಿಂತ ಕರೆಯದಿರೋದೇ ವಾಸಿ.’ ಹೀಗೆಯೇ ಮದುವೆ, ನಾಮಕರಣ, ಹಬ್ಬಗಳಿಂದ ಒಬ್ಬರು ಸದ್ದಿಲ್ಲದೆ ಹೊರಗಾಗುತ್ತಾರೆ. ಅಕ್ಕಿ ರೊಟ್ಟಿ, ನೀರುದೋಸೆ, ಅಕ್ಕಿ ಕಡುಬು, ಮುದ್ದೆ, ಕೋಸಂಬರಿ ಇರುವ ನಾಡಿನಲ್ಲಿ ಇದಕ್ಕೆ ಕಾರಣವೇ ಇಲ್ಲ. ಅತಿಥಿಗೆಂದು ಬೇರೆ ಪಾತ್ರೆಯಲ್ಲಿ ಒಂದಿಷ್ಟು ಸಪ್ಪೆ ಸಾರು ಎತ್ತಿಡುವುದಕ್ಕಿಂತ, ಎಲ್ಲರ ಸಾರಿಗೂ ಇಂಗಿನ ಬದಲು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಯಾರೂ ಬೇರೆಯಾಗುವುದಿಲ್ಲ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ, ರವೆದೋಸೆ ಹುಯ್ದ ಕಾವಲಿಯಲ್ಲೇ ನೀರುದೋಸೆ ಬೇಡ. ಬಾಳೆಲೆ ಹೇಗೂ ಹೊಸದು. ಚಿಂತೆ ಬಡಿಸುವ ಸೌಟಿನದು. ಹಾಗಾಗಿ ಸೌಟುಗಳು ಅದಲುಬದಲಾಗುವ ಮೊದಲು, ಮೊದಲ ಪಂಕ್ತಿಯಲ್ಲೇ ಅವರನ್ನು ಕೂರಿಸಿ. ಇಷ್ಟಾದ ಮೇಲೂ ಅವರು ಮನೆಯಿಂದ ಬುತ್ತಿ ತಂದರೆ, ಅದಕ್ಕೂ ಎಲೆಯ ಮೇಲೆ ಜಾಗವಿರಲಿ.