ಕಣ್ಣಿಗೆ ಕಟ್ಟುವ ವರ್ಣನೆ

ಕಥೆ ಬರೆಯಬೇಕೆಂಬ ಹಂಬಲವು ಈಗ ಮನೆಮನೆಯಲ್ಲಿಯೂ ಕಾಣಬರುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ತಿದ್ದಿಕೊಡಿರೆಂದು ನಮ್ಮ ಬಳಿಗೆ ಬರುವ ಕಥೆಗಳಲ್ಲಿ ನಾಯಿಕೆಯ ಮುಖವು ತಪ್ಪದೆ ಚಂದ್ರನಂತಿರುತ್ತದೆ. ಕಣ್ಣುಗಳು ಕಮಲದ ಎಸಳುಗಳೇ. ಓದುವವನ ಕಣ್ಣಿಗೆ ಮಾತ್ರ ಯಾವುದೂ ಕಟ್ಟುವುದಿಲ್ಲ. ಈ ದೋಷವನ್ನು ಹುಡುಗರಿಗೆ ಕಲಿಸಿದವರಲ್ಲಿ ನಾವೂ ಒಬ್ಬರೆಂಬುದನ್ನು ಮೊದಲೇ ಒಪ್ಪಿಕೊಳ್ಳುವೆವು.

ಕುಷ್ಟಗಿಯ ಸೀಮೆಯಲ್ಲಿ ಉಪಾಧ್ಯಾಯರಾಗಿದ್ದಾಗ ನಾವು ಒಮ್ಮೆ ಬೇಸಗೆಯನ್ನು ಕುರಿತು ನಿಬಂಧ ಬರೆಯಿಸಿದೆವು. ತನ್ನ ತಾಯಿ ಬಾವಿಗೆ ಕೊಡವನ್ನು ಇಳಿಬಿಟ್ಟು, ಅದು ತಳದ ಕಲ್ಲಿಗೆ ತಾಗಿದ ಸಪ್ಪಳವನ್ನು ಕೇಳಿ, ಹಗ್ಗವನ್ನು ಮೇಲಕ್ಕೆಳೆಯದೆ ಹಾಗೆಯೇ ನಿಂತಳೆಂದು ಒಬ್ಬ ಹುಡುಗನು ಬರೆದಿದ್ದನು. ನಾವು ಆ ವಾಕ್ಯವನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಪ್ರಚಂಡ ಮಾರ್ತಾಂಡನ ಕಿರಣಗಳ ಮೇಲೆ ಎರಡು ಉಪಮೆಗಳನ್ನು ಬರೆಯಿಸಿದೆವು. ಮುಂದೆ ಅವನು ಉಪಮೆಗಳನ್ನೇ ಬರೆದು ತೇರ್ಗಡೆಯಾದನು; ಅಂಥ ವಾಕ್ಯವನ್ನು ಮತ್ತೆ ಬರೆಯಲಿಲ್ಲ. ಆ ಉಪಮೆಗಳು ನಮಗಿಂದು ನೆನಪಿಲ್ಲ. ಕೊಡದ ಸಪ್ಪಳವು ಕಿವಿಯಲ್ಲಿದೆ.

ನಾವು ಓದಿದ ಶಾಸ್ತ್ರವಾದರೂ ಹಾಗೆ ಹೇಳಿರಲಿಲ್ಲ. ದಂಡಿಯು 'ಕಾವ್ಯಾದರ್ಶ'ದಲ್ಲಿ ಅರ್ಥಾಲಂಕಾರಗಳನ್ನೆಣಿಸುವಾಗ ಉಪಮೆಗಿಂತ ಮೊದಲು ಸ್ವಭಾವೋಕ್ತಿಯನ್ನಿಟ್ಟಿದ್ದಾನೆ. ವಸ್ತುವನ್ನು ಅದು ಇದ್ದಂತೆ ಕಾಣಿಸುವುದೇ ಸ್ವಭಾವೋಕ್ತಿ. ಆ ಗ್ರಂಥಕ್ಕೆ ಬಹಳ ಋಣಿಯಾದ 9ನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳುಗನ್ನಡದ ನೆಲವನ್ನು ಗುರುತಿಸುವಲ್ಲಿ ನಮ್ಮ ಕೊಪ್ಪಳವನ್ನು, ಅಂದಿನ ಕೊಪಣವನ್ನು, ಹೆಸರಿಸಿದೆ. ಇಂಥ ನೆಲದಲ್ಲಿಯೇ ಮನೆಯ ಮಾತನ್ನು ಹೊಡೆದುಹಾಕಿದ ನಮ್ಮ ಪಾಂಡಿತ್ಯಕ್ಕೆ ಏನೆನ್ನೋಣ!

ಹಾಗಾದರೆ ವರ್ಣನೆಯನ್ನು ಕಲಿಯುವುದೆಂತು? ಮೊದಲನೆಯದು, ನಿಂತು ನೋಡುವುದು. ಕಿನ್ನಾಳದ ಚಿತ್ರಗಾರರು ಹಗುರಾದ ಮರದಿಂದ ಮಾಡುವ ಬಣ್ಣದ ಗೊಂಬೆಗಳನ್ನು ನೀವು ಬಲ್ಲಿರಿ. 'ಸುಂದರವಾದ ಗೊಂಬೆ' ಎಂದು ಬರೆದರೆ ಏನೂ ಕಾಣದು. ಬಣ್ಣವಿನ್ನೂ ಆರಿಲ್ಲವೆಂದು ಎರಡೇ ಬೆರಳುಗಳಲ್ಲಿ ಅದನ್ನು ಹಿಡಿದು ತಿರುಗಿಸುವ ಕೈಯನ್ನು ಬರೆದರೆ ಗೊಂಬೆಯೂ ಕಂಡೀತು, ಮಾಡಿದವನೂ ಕಂಡಾನು.

ಎರಡನೆಯದು, ಪಾತ್ರದ ಕಣ್ಣಿನಿಂದ ನೋಡುವುದು. ಗಂಗಾವತಿಯ ಕಾಲುವೆಯ ಕೆಳಗಿನ ಗದ್ದೆ ಒಂದೇ. ಒಡೆಯನಿಗೆ ಅದರಲ್ಲಿ ಬರಲಿರುವ ನೆಲ್ಲಿನ ಚೀಲಗಳು ಕಾಣುತ್ತವೆ. ಯಲಬುರ್ಗಾ ಕಡೆಯ ಎರೆಹೊಲವನ್ನು ಬಿಟ್ಟು ನಾಟಿಯ ಕೂಲಿಗೆ ಬಂದವಳಿಗೆ ಮೊಣಕಾಲುದ್ದದ ಕೆಸರು ಕಾಣುತ್ತದೆ.

ಮೂರನೆಯದು, ಆರಿಸುವುದು. ಮಹಾಕಾವ್ಯದ ಹದಿನೆಂಟು ವರ್ಣನೆಗಳ ಭಾರವನ್ನು ಸಣ್ಣ ಕಥೆಯು ತಾಳಲಾರದು. ಅದಕ್ಕೆ ಒಂದು ಸಪ್ಪಳವೇ ಸಾಕಾದೀತು. ಉಪಮೆಯು ತ್ಯಾಜ್ಯವೆಂದು ನಮ್ಮ ಮತವಲ್ಲ. ಮೊದಲು ಕಂಡು, ಬಳಿಕ ಹೋಲಿಸತಕ್ಕದ್ದು.

ವಾಚಕರೇ, ನಿಮ್ಮ ಮನೆಯ ಮಕ್ಕಳು ಬರೆದುದನ್ನು ತಂದು ತೋರಿಸಿದರೆ, ತಿದ್ದುವ ಮೊದಲು 'ಇದನ್ನು ನೀನು ಕಂಡೆಯಾ?' ಎಂದು ಕೇಳಿರಿ. ಕಂಡೆನೆಂದರೆ ಆ ವಾಕ್ಯದ ತಂಟೆಗೆ ಹೋಗಬೇಡಿರಿ. ನಮ್ಮಿಂದಾದ ತಪ್ಪು ನಿಮ್ಮಿಂದಾಗದಿರಲಿ.